ಅರ್ಥಿಂಗ್ ಗುಂಡಿಗೆ ಒಂದು ಬಕೆಟ್ ನೀರು

ಮೆಹಬೂಬ್ ಚಾಚಾ, ನಿಮ್ಮ ಸರೋಜಳ ಸಲಾಂ.

ಇವತ್ತು ಶುಕ್ರವಾರ. ಕಾರ್ಖಾನೆಯ ಹಿಂದಿರುವ ಅರ್ಥಿಂಗ್ ಗುಂಡಿಗೆ ಒಂದು ಬಕೆಟ್ ನೀರು ಸುರಿದು, ಕೈ ಒರೆಸಿಕೊಂಡು ಬಂದು ಕೂತಿದ್ದೇನೆ. ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ, ಬಸ್ಸನ್ನು ಕೂಡ ನಂಬರ್ ನೋಡಿಯೇ ಹತ್ತುತ್ತಿದ್ದಿರಿ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಉರ್ದು ಬರುವುದಿಲ್ಲ, ಇಂಗ್ಲಿಷಿನಲ್ಲಿ ಬರೆದರೆ ರಿಪೋರ್ಟ್ ಬರೆದ ಹಾಗಿರುತ್ತದೆ. ರಿಪೋರ್ಟ್ ಬರೆಯುವುದರಲ್ಲಿ ನಾನೆಷ್ಟು ಸಾಚಾ ಎಂಬುದು ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆ ಮಾತು ಹೇಳುವುದಕ್ಕೇ ಈ ಕಾಗದ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೈಯಬೇಡಿ. ನೇರವಾಗಿ ಹೇಳುವ ಧೈರ್ಯ ಇದ್ದಿದ್ದರೆ ನೀವು ಬದುಕಿದ್ದಾಗಲೇ ಹೇಳಿರುತ್ತಿದ್ದೆ.

ನಿಮ್ಮನ್ನು ಮೊದಲು ನೋಡಿದ್ದು ಶಿವಾಜಿನಗರದಲ್ಲಿ, ತಗಡಿನ ಟ್ರಂಕು ಮಾಡುವ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಕೆಳಗೆ ತಗಡು ಬಡಿಯುವ ಸದ್ದು, ಮೇಲೆ ಸಾಲ್ಡರಿಂಗ್ ಹೊಗೆ. ನಾನು ಹಲಸೂರಿನ ಹುಡುಗಿ, ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿ, ಅಮ್ಮ ಇಸ್ತ್ರಿ ಮಾಡಿಕೊಟ್ಟ ಚೂಡಿದಾರ ತೊಟ್ಟು, ಇಂಟರ್‌ವ್ಯೂ ಎಂದರೆ ಏನೇನು ಕೇಳುತ್ತಾರೋ ಎಂದು ಹೆದರಿಕೊಂಡು ಬಂದಿದ್ದೆ. ನೀವು ತಲೆಯೆತ್ತಿ ನೋಡಲೂ ಇಲ್ಲ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ನನ್ನು ನನ್ನ ಕಡೆ ಚಾಚಿ, “ಕೈ ನಡುಗುತ್ತಾ?” ಎಂದಿರಿ. “ಇಲ್ಲ ಸಾರ್” ಎಂದೆ. “ನಾನು ಸಾರ್ ಅಲ್ಲ. ಸಾರ್ ಅಲ್ಲಿ ಕೂತವ್ರೆ. ನಾನು ಚಾಚಾ.” ಅಲ್ಲಿ, ಮುರುಕು ಮೇಜಿನ ಹಿಂದೆ, ವೀರೇಶ್ ಸರ್ ಟೆಲಿಫೋನನ್ನು ಕಿವಿಗೆ ಒತ್ತಿಕೊಂಡು ಯಾರಿಗೋ “ನಾಳೆ ಕಳಸ್ತೇವ್ರಿ, ನಾಳೆ ಖರೇನ” ಎನ್ನುತ್ತಿದ್ದರು. ಕಂಪನಿ ಎಂದರೆ ಅಷ್ಟೇ. ನೀವಿಬ್ಬರು, ಒಂದು ಟೆಲಿಫೋನು, ಮತ್ತೆ ನಾನು.

ಕಂಪನಿ ಹುಟ್ಟಿದ ಕತೆಯನ್ನು ನೀವು ಹೇಳುವಾಗಲೆಲ್ಲ ವೀರೇಶ್ ಸರ್ ನಾಚಿಕೊಳ್ಳುತ್ತಿದ್ದರು, ನೆನಪಿದೆಯಾ? ಧಾರವಾಡ ಕಡೆಯ ಇಂಜಿನಿಯರು, ಸರ್ಕಾರಿ ಕಾರ್ಖಾನೆಯ ಭದ್ರವಾದ ಕೆಲಸ ಬಿಟ್ಟು, ಸ್ಕೂಟರಿನ ಹಿಂದೆ ಡಬ್ಬಿ ಕಟ್ಟಿಕೊಂಡು ಪರದೇಶದ ಹಬ್ ಮಾರುತ್ತಿದ್ದರು. ಹಬ್ ಎಂದರೆ ಆಫೀಸಿನ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ನಮ್ಮಮ್ಮನಿಗೆ ಅದನ್ನು ವಿವರಿಸಿದಾಗ, “ನಮ್ಮ ಬೀದಿ ನಲ್ಲಿ ಇದ್ದ ಹಾಗೆ ಅನ್ನು, ಎಲ್ಲಾರೂ ಅಲ್ಲೇ ಬಂದು ಮಾತಾಡೋದು” ಎಂದಿದ್ದಳು. ಒಂದು ಗುಡುಗು ಬಂದರೆ ಎರಡು ಹಬ್ ಸುಡುತ್ತಿದ್ದವು. ಸುಟ್ಟದ್ದನ್ನು ಎತ್ತಿಕೊಂಡು ವೀರೇಶ್ ಸರ್ ನಿಮ್ಮ ರೇಡಿಯೋ ರಿಪೇರಿ ಅಂಗಡಿಗೆ ಬರುತ್ತಿದ್ದರು. ಐದನೆಯದೋ ಆರನೆಯದೋ ಬಿಚ್ಚಿದಾಗ ನೀವು, “ಇದ್ರಲ್ಲಿ ಭೂತ ಏನೂ ಇಲ್ಲ ಸಾರ್, ನಾವೇ ಮಾಡ್ಬಹುದು” ಎಂದಿರಂತೆ. “ಖರೇನ ಭಾಯ್?” “ಮಾಡ್ಬಹುದು. ಆದ್ರೆ ಅವ್ರು ಮಾಡ್ದಂಗೆ ಮಾಡೋದು ನಕ್ಕೋ. ಅವ್ರ ಊರಲ್ಲಿ ಕರೆಂಟು ಹೇಳಿದ ಮಾತು ಕೇಳುತ್ತೆ. ನಮ್ಮೂರಲ್ಲಿ ಅದಕ್ಕೆ ಮನಸ್ಸು ಬಂದಂಗೆ ಬರುತ್ತೆ.” ಆ ಮಾತಿನ ಮೇಲೇ ಕಂಪನಿ ನಿಂತಿತು.

ನೀವು ಮಾಡಿದ ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಪೆಟ್ಟಿಗೆಗೆ ಬೇಕಾದಷ್ಟು ಇಳಿಸಿಕೊಡುವ ಭಾಗ, ಅದರ ತೂಕ ನೆನೆಸಿಕೊಂಡರೆ ಈಗಲೂ ನನ್ನ ಭುಜ ನೋಯುತ್ತದೆ. ತಾಮ್ರದ ತಂತಿಯನ್ನು ನೀವೇ ಸುತ್ತುತ್ತಿದ್ದಿರಿ, ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಬಿಚ್ಚಿ ಮತ್ತೆ ಸುತ್ತುತ್ತಿದ್ದಿರಿ. ಗಿರಾಕಿಗಳು ಹಬ್ ಎತ್ತಿ ನೋಡಿ, “ಏನ್ರೀ, ಒಳಗೆ ಇಟ್ಟಿಗೆ ಇಟ್ಟಿದೀರಾ?” ಎನ್ನುವರು. “ಹೌದು ಸಾರ್, ಸಿಡಿಲಿಗೆ ಎಸೆಯೋಕೆ” ಎಂದು ನೀವು ನಗದೆ ಹೇಳುವಿರಿ. ಕಂಟೋನ್ಮೆಂಟಿನ ಸುತ್ತಮುತ್ತ ಆಫೀಸುಗಳಲ್ಲಿ ‘ಆ ಭಾರದ ಡಬ್ಬಿ’ ಎಂದೇ ನಮ್ಮದಕ್ಕೆ ಹೆಸರಾಯಿತು. ಮಳೆಗಾಲ ಮುಗಿದ ಮೇಲೆ ಉಳಿಯುತ್ತಿದ್ದ ಡಬ್ಬಿಯೂ ನಮ್ಮದೇ.

ಮೊದಲ ಸಲ ಸೈಟಿಗೆ ಕರೆದುಕೊಂಡು ಹೋದ ದಿನ ನೀವು ಕಲಿಸಿದ ಪಾಠ ಹಬ್ಬಿನದ್ದಲ್ಲ, ನೆಲದ್ದು. ಬೆನ್ಸನ್ ಟೌನಿನ ಒಂದು ಹಳೇ ಬಂಗಲೆಯ ಆಫೀಸು. ಮೊದಲು ಗೋಡೆಯ ಸಾಕೆಟ್ಟಿಗೆ ಬಲ್ಬು ಹಚ್ಚಿ ನೋಡಿದಿರಿ. ಅರ್ಥಿಂಗ್, ಅಂದರೆ ಹೆಚ್ಚಾಗಿ ನುಗ್ಗಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ, ಇದ್ದರೆ ಬಲ್ಬು ಚೆನ್ನಾಗಿ ಉರಿಯಬೇಕು. ಉರಿಯಿತು. “ಸರಿಯಿದೆ ಚಾಚಾ” ಎಂದೆ. ನೀವು ನೇರ ಹಿತ್ತಿಲಿಗೆ ಹೋದಿರಿ. ಕಸ ಸರಿಸಿ, ಕಲ್ಲು ಎತ್ತಿ, ಉಪ್ಪು ಇದ್ದಿಲು ತುಂಬಿದ ಗುಂಡಿಯನ್ನೂ ಅದರೊಳಗಿನ ಕೊಳವೆಯನ್ನೂ ಕೊಳವೆಗೆ ಬಿಗಿದ ತಂತಿಯನ್ನೂ ಕೈಯಾರೆ ಅಲುಗಾಡಿಸಿ ನೋಡಿ, ನೆಲ ಒಣಗಿದರೆ ಕರೆಂಟು ಇಳಿಯುವುದಿಲ್ಲವೆಂದು ಒಂದು ಬಕೆಟ್ ನೀರು ಸುರಿದಿರಿ. “ಕಳ್ಳ ಎಲೆಕ್ಟ್ರಿಷಿಯನ್ ಇದ್ರೆ ಸಾಕೆಟ್ ಒಳಗೇ ತಂತಿ ಜೋಡಿಸಿ ಬಲ್ಬು ಉರಿಸ್ತಾನೆ. ನೆಲಕ್ಕೆ ಏನೂ ಹೋಗಿರಲ್ಲ. ಬಲ್ಬು ಸುಳ್ಳು ಹೇಳುತ್ತೆ ಬೇಟೀ. ಗುಂಡಿ ಹೇಳಲ್ಲ.” ಆಮೇಲೆ ಅದೇ ನಮ್ಮ ಕಂಪನಿಯ ಪದ್ಧತಿಯಾಯಿತು. ಬೇರೆ ಕಂಪನಿಯವರು ಟೈ ಕಟ್ಟಿಕೊಂಡು ಹೋದರೆ ನಾವು ಬಕೆಟ್ ಹಿಡಿದುಕೊಂಡು ಹೋಗುತ್ತಿದ್ದೆವು. ಸೈಟ್ ರಿಪೋರ್ಟಿನಲ್ಲಿ ಎರಡು ಚೌಕ: ‘ಗುಂಡಿ ನೋಡಿದೆ, ಸರಿಯಿದೆ’, ‘ಗುಂಡಿ ನೋಡಿದೆ, ಸರಿಯಿಲ್ಲ’. ಮೂರನೆಯದು ಇರಲಿಲ್ಲ.

ಹಲಸೂರು ಕೆರೆಯ ಹತ್ತಿರದ ಶೆಡ್ಡಿಗೆ ಬಂದ ಮೇಲಿನ ವರ್ಷಗಳೇ ನನ್ನ ಪಾಲಿನ ಚಿನ್ನದ ದಿನಗಳು. ನಮ್ಮ ಮನೆಯಿಂದ ನಡೆದುಕೊಂಡು ಬರುವಷ್ಟು ಹತ್ತಿರ. ಉದ್ದದ ಬೆಂಚಿನ ಎರಡೂ ಕಡೆ ಹುಡುಗಿಯರು, ನಡುವೆ ನೀವು. ರಂಜಾನ್ ತಿಂಗಳಲ್ಲಿ ನಾವು ಡಬ್ಬಿ ಮುಚ್ಚಿಕೊಂಡು ಮೂಲೆಯಲ್ಲಿ ಊಟ ಮಾಡುತ್ತಿದ್ದೆವು. ಒಂದು ದಿನ ನೀವು ಬಂದು, “ಯಾಕೆ ಕಳ್ಳರ ಹಾಗೆ ತಿಂತೀರಾ? ನನ್ನ ಉಪವಾಸ ನಂದು, ನಿಮ್ಮ ಹಸಿವು ನಿಮ್ದು. ಇಲ್ಲೇ ಕೂತ್ಕೊಂಡು ತಿನ್ನಿ” ಎಂದಿರಿ. ಶುಕ್ರವಾರ ನಮಾಜಿಗೆ ಹೊರಡುವ ಮೊದಲು ಶೆಡ್ಡಿನ ಗುಂಡಿಗೆ ನೀರು ಹಾಕುವಿರಿ. ನೀವು ಬಕೆಟ್ ಎತ್ತಿದಿರಿ ಎಂದರೆ ನಮಗೆ ಗಡಿಯಾರ ನೋಡುವ ಕೆಲಸವೇ ಇರಲಿಲ್ಲ. ಎಂಥ ದಿನಗಳು ಚಾಚಾ. ಈಗ ಮೆಟ್ರೋಗೆಂದು ರಸ್ತೆ ಅಗೆದಿರುವ ಆ ಕಡೆ ಹೋದರೆ ಶೆಡ್ ಎಲ್ಲಿತ್ತೆಂದು ತೋರಿಸಲು ಕೂಡ ನನಗಾಗುವುದಿಲ್ಲ.

ನನ್ನನ್ನು ಒಬ್ಬಳನ್ನೇ ಸೈಟಿಗೆ ಕಳಿಸಬೇಕು ಎಂದು ನೀವು ಹಟ ಹಿಡಿದ ದಿನ ಶೆಡ್ಡಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ವೀರೇಶ್ ಸರ್ ಒಪ್ಪಲಿಲ್ಲ. “ಹೆಣ್ಣುಮಕ್ಕಳು ಸೈಟಿಗೆ ಬ್ಯಾಡ ಭಾಯ್. ಏಣಿ ಹತ್ತೂದು, ಹಿತ್ತಲ ಸುತ್ತೂದು, ಹೆಂಗಾಗ್ತದ?” ಎಂದರು. “ಏಣಿಗೆ ಗಂಡು ಹೆಣ್ಣು ಗೊತ್ತಾಗುತ್ತಾ ಸಾರ್? ಇವಳ ಕೈ ನಿಮ್ಮ ಹುಡುಗ್ರ ಕೈಗಿಂತ ವಾಸಿ. ತಪ್ಪಾದ್ರೆ ನನ್ನ ಕೇಳಿ” ಎಂದಿರಿ ನೀವು. ತಪ್ಪಾದರೆ ನನ್ನನ್ನು ಕೇಳಿ... ಆ ಮಾತು ಆಡುವಾಗ ಅದು ನಿಮ್ಮ ತಲೆಯ ಮೇಲೇ ಬಂದು ಬೀಳುತ್ತದೆಂದು ನಿಮಗೆ ಗೊತ್ತಿತ್ತಾ? ಅದಾದ ಒಂದು ತಿಂಗಳಿಗೇ ಒಂದು ಬ್ಯಾಂಕಿನ ಶಾಖೆಗಳಿಗೆಲ್ಲ ಹಬ್ ಹಾಕುವ ಕೆಲಸ ಸಿಕ್ಕಿತು. ಮೊದಲ ಕೆಲವು ಶಾಖೆಗಳಲ್ಲಿ ನಮ್ಮದು ಸರಿಯಾಗಿ ಓಡಿದರೆ ಉಳಿದದ್ದೆಲ್ಲ ನಮಗೇ. ಕೆ.ಆರ್.ಪುರದ ಶಾಖೆ ನನ್ನ ಪಾಲಿಗೆ ಬಂತು.

ಆ ದಿನದ ಬಿಸಿಲು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಳೇ ಮನೆಯೊಂದರ ಮುಂಭಾಗದಲ್ಲಿ ಬ್ಯಾಂಕು, ಹಿಂಭಾಗದಲ್ಲಿ ಮನೆಯ ಒಡತಿ ಅಜ್ಜಿ. ಹಬ್ ಕೂರಿಸಿದೆ, ತಂತಿ ಎಳೆದೆ, ಬಲ್ಬು ಹಚ್ಚಿ ನೋಡಿದೆ. ಜೋರಾಗಿ ಉರಿಯಿತು. ಬಕೆಟ್ ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಅಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ನಾಗರಕಟ್ಟೆ, ಅದರ ಸುತ್ತ ಸೊಂಟದೆತ್ತರದ ಗೋಡೆ, ಒಂದು ಪುಟ್ಟ ಗೇಟು. ಅರ್ಥಿಂಗ್ ಗುಂಡಿ ಇದ್ದದ್ದು ಆ ಗೋಡೆಯ ಒಳಗೆ, ನಾಗರಕಲ್ಲಿನ ಪಕ್ಕದಲ್ಲೇ. ಹೆಂಗಸರು ದಿನವೂ ಹಾಲು ನೀರು ಎರೆಯುವ ಜಾಗ, ನೆಲ ಸದಾ ತಂಪಾಗಿರುತ್ತದೆಂದು ಯಾರೋ ಬುದ್ಧಿವಂತ ಅಲ್ಲೇ ತೋಡಿದ್ದ. ನಾನು ಗೇಟಿನ ಮುಂದೆ ಬಕೆಟ್ ಹಿಡಿದುಕೊಂಡು ನಿಂತುಬಿಟ್ಟೆ. ಅವತ್ತು ನಾನು ಹೊರಗಾಗಿದ್ದೆ ಚಾಚಾ. ಎರಡನೇ ದಿನ.

ನಮ್ಮಮ್ಮ ಆ ಮೂರು ದಿನ ನನಗೆ ದೇವರ ಕೋಣೆಯ ಕಡೆ ತಲೆ ಹಾಕಲು ಬಿಡುತ್ತಿರಲಿಲ್ಲ. ಅದರಲ್ಲೂ ನಾಗ ಎಂದರೆ ಕೇಳಬೇಕಾ? ಮೈಲಿಗೆಯಲ್ಲಿ ಹುತ್ತ ಮುಟ್ಟಿದವಳಿಗೆ ಮಕ್ಕಳಾಗಲಿಲ್ಲ, ಕಣ್ಣು ಹೋಯಿತು, ಎಂದು ಚಿಕ್ಕಂದಿನಿಂದ ಕೇಳಿದ ಕತೆಗಳೆಲ್ಲ ಆ ಗೇಟಿನ ಮೇಲೆ ಬಂದು ಕೂತವು. ಇವತ್ತು ಯಾರಾದರೂ ನಕ್ಕರೆ ನಗಲಿ, ಅವತ್ತು ನನ್ನ ಕಾಲು ಮುಂದೆ ಹೋಗಲಿಲ್ಲ. ಅಜ್ಜಿಯ ಬಾಗಿಲಿಗೆ ಬೀಗ ಬಿದ್ದಿತ್ತು, ಒಳಗೆ ಬ್ಯಾಂಕಿನಲ್ಲಿ ಇದ್ದವರೆಲ್ಲ ಗಂಡಸರು. ಯಾರನ್ನು ಕರೆಯಲಿ, ಏನೆಂದು ಹೇಳಲಿ? ನಾಳಿದ್ದು ಬರುತ್ತೇನೆಂದರೆ ಯಾಕೆಂದು ಕೇಳುತ್ತಾರೆ. ಬಲ್ಬು ಉರಿದಿದೆಯಲ್ಲ ಎಂದುಕೊಂಡೆ. ಬಕೆಟ್ಟಿನ ನೀರನ್ನು ಬೇವಿನ ಮರದ ಬುಡಕ್ಕೆ ಸುರಿದು, ಒಳಗೆ ಬಂದು, ‘ಗುಂಡಿ ನೋಡಿದೆ, ಸರಿಯಿದೆ’ ಎಂಬ ಚೌಕಕ್ಕೆ ಟಿಕ್ ಹಾಕಿ ಸಹಿ ಮಾಡಿದೆ. ಸಹಿ ದುಂಡಗೆ, ಚೆನ್ನಾಗಿಯೇ ಬಂದಿತ್ತು.

ಆ ವರ್ಷದ ಮೊದಲ ಗುಡುಗು ಮಳೆಗೇ ಕೆ.ಆರ್.ಪುರದ ಹಬ್ ಸುಟ್ಟಿತು. ಬದಲಾಯಿಸಿದೆವು. ಎರಡನೆಯದೂ ಸುಟ್ಟಿತು. ಮೂರನೆಯದು ಸುಟ್ಟಾಗ ಬ್ಯಾಂಕಿನ ಅಧಿಕಾರಿಯೊಬ್ಬರು ಶೆಡ್ಡಿಗೇ ಬಂದು, ನಿಮ್ಮ ಪವರ್ ಸಪ್ಲೈ ಹಳೇ ಕಾಲದ್ದು, ಸರಿಮಾಡದಿದ್ದರೆ ಉಳಿದ ಶಾಖೆಗಳ ಮಾತೇ ಬೇಡ ಎಂದು ಹೇಳಿ ಹೋದರು. ಅವರ ಹಿಂದೆಯೇ ವೀರೇಶ್ ಸರ್ ಫೈಲು ತೆಗೆಸಿದರು. “ಅಲ್ಲೆ ಅರ್ಥಿಂಗ್ ಯಾರು ನೋಡ್ಯಾರ?” ನನ್ನ ಸಹಿ ಇದ್ದ ಹಾಳೆ ಮೇಜಿನ ಮೇಲೆ ಬಂತು. ಅವರು, ನೀವು, ಇನ್ನಿಬ್ಬರು ಇಂಜಿನಿಯರುಗಳು, ನಡುವೆ ನಾನು. ನೀವು ಹಾಳೆ ನೋಡಿದಿರಿ. ನಿಮಗೆ ಕನ್ನಡ ಓದಲು ಬಾರದಿದ್ದರೂ ಯಾವ ಚೌಕ ಯಾವುದೆಂದು ಗೊತ್ತಿತ್ತು. “ಗುಂಡಿ ನೋಡಿದ್ಯಾ ಬೇಟೀ?” ಎಂದು ಕೇಳಿದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ನನ್ನ ಕೈ ತಾನೇ ದುಪ್ಪಟ್ಟಾಕ್ಕೆ ಹೋಯಿತು. “ನೋಡಿದೆ ಚಾಚಾ” ಎಂದೆ.

ಆಗಲೇ ನಿಜ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ನಾಲ್ವರು ಗಂಡಸರ ಮುಂದೆ ಏನೆಂದು ಬಾಯಿ ಬಿಡಲಿ? ಅದೂ ಅಲ್ಲದೆ, ಹೇಳಿದ್ದರೆ ವೀರೇಶ್ ಸರ್ “ನಾ ಹೇಳಿರಲಿಲ್ಲೇನು?” ಎಂದು ಅವತ್ತೇ ಹುಡುಗಿಯರ ಸೈಟ್ ಕೆಲಸಕ್ಕೆ ಪೂರ್ಣವಿರಾಮ ಹಾಕುತ್ತಿದ್ದರು. ನಾನು ನೆಲ ನೋಡುತ್ತ ನಿಂತೆ. ನೀವು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡು, “ಹಾಗಾದ್ರೆ ನನ್ನ ಸಪ್ಲೈದೇ ತಪ್ಪಿರ್ಬೇಕು ಸಾರ್” ಎಂದಿರಿ. ಅಷ್ಟು ವರ್ಷ ಒಂದೂ ಸುಡದ ನಿಮ್ಮ ಸಪ್ಲೈ. ನಾನು ಆ ಹಾಳೆಯನ್ನು ಎತ್ತಿ ಮತ್ತೆ ಫೈಲಿಗೆ ಸೇರಿಸಿದೆ.

ಸೋಮವಾರ ನಿಮ್ಮ ಬೆಂಚು ಖಾಲಿಯಾಯಿತು. ಹೊರಗಿನಿಂದ ತರಿಸಿದ ಹೊಸ ಸಪ್ಲೈ ಬಂತು, ಅಂಗೈ ಮೇಲೆ ಕೂರುವಷ್ಟು ಹಗುರ. ನಿಮ್ಮನ್ನು ಸ್ಟೋರಿಗೆ ಹಾಕಿದರು. ಸ್ಕ್ರೂ, ನಟ್ಟು, ತಂತಿಯ ಸುರುಳಿ. “ಸ್ಟೋರ್ ಅಂದ್ರೆ ನಮ್ಮ ದುಕಾನ್ ಇದ್ದಂಗೇ ಅಲ್ವಾ, ಕೂತ್ಕೊಂಡು ಕೆಲಸ” ಎಂದು ನೀವೇ ಎಲ್ಲರಿಗೂ ಸಮಾಧಾನ ಹೇಳಿದಿರಿ. ಹೊಸ ಸಪ್ಲೈ ಹಾಕಿದ ಮೇಲೆ ಕೆ.ಆರ್.ಪುರದ ಹಬ್ ಮತ್ತೆ ಸುಡಲೇ ಇಲ್ಲ. ಗುಡುಗಿತು, ಮಿಂಚಿತು, ಏನೂ ಆಗಲಿಲ್ಲ. ಅದನ್ನು ಕಂಡು ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಹಾಗಾದರೆ ತಪ್ಪು ನಿಜವಾಗಿಯೂ ಸಪ್ಲೈದೇ ಇರಬೇಕು, ಗುಂಡಿಯದ್ದಲ್ಲ, ನನ್ನದಲ್ಲ ಎಂದು ನಂಬಿಬಿಟ್ಟೆ. ನಂಬಬೇಕೆಂದು ನಂಬಿದೆ. ಮನುಷ್ಯರು ಎಷ್ಟು ಸುಲಭವಾಗಿ ನಂಬಿಕೊಂಡುಬಿಡುತ್ತೇವೆ ಅಲ್ವಾ?

ಇಂದಿರಾನಗರದ ಬಂಗಲೆಗೆ ಕಂಪನಿ ಹೋದ ದಿನ ಕೇಕ್ ತರಿಸಿದ್ದರು. ಬ್ಯಾಂಕಿನ ಎಲ್ಲ ಶಾಖೆಗಳೂ ನಮಗೆ ಸಿಕ್ಕಿದ್ದವು, ಅದನ್ನು ನೋಡಿ ಕಾಲೇಜುಗಳು, ಆಸ್ಪತ್ರೆಗಳು. ಗಾಜಿನ ಬಾಗಿಲು, ರಿಸೆಪ್ಷನ್ನಿನಲ್ಲಿ ಹೂದಾನಿ, ಎಸಿ. ಹಬ್ಬಿನ ಕಾಲ ಮುಗಿದು ಸ್ವಿಚ್ ಬಂತು. ಕೆಲಸ ಅದೇ, ಬುದ್ಧಿ ಜಾಸ್ತಿ. ಹಬ್ ಒಬ್ಬರ ಮಾತನ್ನು ಊರಿಗೆಲ್ಲ ಸಾರುತ್ತಿತ್ತು, ಸ್ವಿಚ್ ಬೇಕಾದವರಿಗೆ ಮಾತ್ರ ಮುಟ್ಟಿಸುತ್ತದೆ. ಹೊಸ ಹುಡುಗರು ನಿಮ್ಮನ್ನು ಸ್ಟೋರ್ ಸಾಬ್ ಎಂದು ಕರೆಯುತ್ತಿದ್ದರು, ಅವರಿಗೆ ನೀವು ಯಾರೆಂದು ಗೊತ್ತಿರಲಿಲ್ಲ. ಕೇಕಿನ ತುಂಡು ಹಿಡಿದುಕೊಂಡು ಸ್ಟೋರಿಗೆ ಬಂದೆ. ನೀವಿರಲಿಲ್ಲ. ಹಿತ್ತಿಲಿನಲ್ಲಿ ಹೊಸ ಗುಂಡಿಗೆ ನೀರು ಹಾಕುತ್ತಿದ್ದಿರಿ. ನಾನು ಸೈಟ್ ಸೂಪರ್‌ವೈಸರ್ ಆಗಿದ್ದೆ, ನನ್ನ ಕೈಕೆಳಗೆ ಐದು ಜನ ಹುಡುಗಿಯರಿದ್ದರು. “ನಿನ್ನ ಹುಡುಗೀರು ಚೆನ್ನಾಗಿ ಮಾಡ್ತಾರೆ” ಎಂದಿರಿ, ಕೇಕ್ ತಿನ್ನುತ್ತ.

ಶಿವಾಜಿನಗರದ ನಿಮ್ಮ ಮನೆಗೆ ಕೊನೆಯ ಸಲ ಬಂದಾಗ ಹೇಳಿಯೇಬಿಡಬೇಕೆಂದು ತೀರ್ಮಾನ ಮಾಡಿಕೊಂಡು ಬಂದಿದ್ದೆ. ನಿಮಗೆ ಉಸಿರಾಟದ ತೊಂದರೆ ಜಾಸ್ತಿಯಾಗಿತ್ತು. ಎರಡು ದಿಂಬಿಗೆ ಒರಗಿ ಕೂತಿದ್ದಿರಿ. ಕಮರ್ಷಿಯಲ್ ಸ್ಟ್ರೀಟಿನಿಂದ ತಂದ ಹತ್ತಿಯ ಶಾಲು ಕೊಟ್ಟೆ, ಬಣ್ಣ ಚೆನ್ನಾಗಿದೆ ಎಂದಿರಿ. ಚಾ ಬಂದ ಮೇಲೆ, “ಚಾಚಾ, ಆ ಕೆ.ಆರ್.ಪುರದ ಬ್ರಾಂಚಲ್ಲಿ...” ಎಂದು ಶುರು ಮಾಡಿದೆ. “ಚಾ ಆರೋಗುತ್ತೆ. ಮೊದ್ಲು ಕುಡಿ” ಎಂದಿರಿ. ಕುಡಿದೆ. “ನಾನು ಅವತ್ತು...” “ಇವತ್ತು ಶುಕ್ರವಾರ ಅಲ್ವಾ? ಗುಂಡಿಗೆ ನೀರು ಹಾಕಿದ್ಯಾ?” “ಹಾಕಿ ಬಂದೆ ಚಾಚಾ.” “ಬಸ್, ಅಷ್ಟು ಸಾಕು.” ಅಷ್ಟು ಸಾಕು ಎಂದರೆ ಏನು ಎಂದು ಆಮೇಲೆ ಎಷ್ಟು ಸಲ ಯೋಚಿಸಿದೆನೋ. ಹದಿನೈದು ದಿನಕ್ಕೆ ನೀವು ಹೋಗಿಬಿಟ್ಟಿರಿ. ಖಬರಸ್ತಾನದೊಳಗೆ ಹೆಂಗಸರು ಬರುವುದಿಲ್ಲ ಎಂದರು. ನಾನು ಗೇಟಿನ ಹೊರಗೆ ನಿಂತು ಅತ್ತೆ.

ನೀವು ಹೋದ ಮೇಲಿನ ಎರಡು ವರ್ಷ ಕಂಪನಿ ಕಷ್ಟಕ್ಕೆ ಬಿತ್ತು ಎಂದು ನಿಮಗೆ ಹೇಗೆ ಗೊತ್ತಾಗಬೇಕು? ಇಂದಿರಾನಗರದ ಬಾಡಿಗೆ ತಾಳಲಾರದೆ ಕೆ.ಆರ್.ಪುರದಾಚೆ ಈ ಶೆಡ್ಡಿಗೆ ಬಂದೆವು. ಹೊರಗಿನಿಂದ ಬರುವ ಸ್ವಿಚ್ಚುಗಳು ನಮ್ಮ ಅರ್ಧ ಬೆಲೆಗೆ ಅಂಗಡಿಗಳಲ್ಲಿ ತೂಗಾಡುತ್ತಿದ್ದವು. ನಮ್ಮದರಲ್ಲಿ ನಮ್ಮದು ಎನ್ನುವಂಥದ್ದು ಏನಿತ್ತು? ಸಪ್ಲೈ ಹೊರಗಿನದು, ಅದೇ ಹಗುರ, ಅದೇ ಸುಡುವುದು. ಬೆಂಚಿನ ಹುಡುಗಿಯರಲ್ಲಿ ಅರ್ಧ ಜನ ಗಾರ್ಮೆಂಟ್ಸಿಗೆ ಹೋದರು. ವೀರೇಶ್ ಸರ್ ಬಾಗಿಲು ಮುಚ್ಚುವ ಮಾತು ಆಡತೊಡಗಿದ್ದರು. ಅಂಥ ದಿನಗಳಲ್ಲೇ ಕೆ.ಆರ್.ಪುರದ ಆ ಹಳೇ ಬ್ಯಾಂಕ್ ಶಾಖೆಯ ಹಬ್ ತೆಗೆದು ಸ್ವಿಚ್ ಹಾಕುವ ಕೆಲಸ ಬಂತು. ಯಾರನ್ನೂ ಕಳಿಸದೆ ನಾನೇ ಹೊರಟೆ.

ಆ ಪುಟ್ಟ ಗೇಟಿನ ಮುಂದೆ ಮತ್ತೆ ಬಕೆಟ್ ಹಿಡಿದು ನಿಂತೆ. ಈ ಸಲ ಯಾವ ಅಡ್ಡಿಯೂ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ, ಕಲ್ಲು ಎತ್ತಿದೆ. ಹಳೆಯ ತಂತಿಯ ತುಂಡು ಹಸಿರು ಕಿಲುಬು ಹಿಡಿದು ಪಕ್ಕಕ್ಕೆ ಬಿದ್ದಿತ್ತು. ಕೊಳವೆಗೆ ದಪ್ಪನೆಯ ಬೇರೆ ತಂತಿ ಬಿಗಿದಿತ್ತು. ಏಳು ಸುತ್ತು, ಮೇಲೆ ಬೆಸುಗೆ, ಅದರ ಮೇಲೆ ನೂಲಿನ ಪಟ್ಟಿ. ಪ್ರಪಂಚದಲ್ಲಿ ಹಾಗೆ ಸುತ್ತುತ್ತಿದ್ದವರು ಒಬ್ಬರೇ. ನಾನು ಬೆರಳಿಟ್ಟು ಆ ಸುತ್ತುಗಳನ್ನು ಮತ್ತೆ ಎಣಿಸಿದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಇನ್ನೊಂದು. ಗುಂಡಿಯಿಂದ ಒಂದು ಸಣ್ಣ ಕೊಳವೆ ಹೊರಟು, ಗೋಡೆಯಲ್ಲಿ ಕೊರೆದ ತೂತಿನ ಮೂಲಕ ಕಟ್ಟೆಯ ಹೊರಕ್ಕೆ ಹೋಗಿತ್ತು. ಹೊರಗೆ ಅದರ ಬಾಯಿಗೆ ಸೀಮೆಎಣ್ಣೆ ಸುರಿಯುವ ತಗಡಿನ ಆಲಿಕೆ ಕೂರಿಸಿತ್ತು. ಗೇಟಿನ ಹೊರಗೆ ನಿಂತೇ ಗುಂಡಿಗೆ ನೀರು ಹಾಕಬಹುದಿತ್ತು.

ಅಜ್ಜಿ ಹಿತ್ತಿಲ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದರು. ಕೇಳಿದೆ. “ಅಯ್ಯೋ, ಅದಾ? ಎಷ್ಟೋ ವರ್ಷ ಆಯ್ತಲ್ಲಮ್ಮ. ಬ್ಯಾಂಕಿನ ಡಬ್ಬಿ ಮೇಲಿಂದ ಮೇಲೆ ಸುಟ್ಟು ಹೋಗ್ತಿದ್ದ ಮಳೆಗಾಲ ಅದು, ಒಂದು ಭಾನುವಾರ ಒಬ್ರು ವಯಸ್ಸಾದ ಸಾಬ್ರು ಬಂದಿದ್ರು. ಒಳಗೆ ಬರ್ಲಾ ಅಂತ ನನ್ನ ಕೇಳಿದ್ರು. ಬನ್ನಿ ಅಂದೆ, ಕೆಲಸ ಮಾಡೋರಿಗೆ ಬೇಡ ಅನ್ನೋಕಾಗುತ್ತಾ? ಕೈಕಾಲು ತೊಳ್ಕೊಂಡು ಬಂದು ತಂತಿ ಕಟ್ಟಿದ್ರು. ಕಿತ್ತೇ ಹೋಗಿತ್ತಂತೆ. ಆಮೇಲೆ ಸುಮ್ನೆ ಕೂತು ಏನೋ ಯೋಚ್ನೆ ಮಾಡಿ ಕೇಳಿದ್ರು, ಅಮ್ಮಾ, ಹೆಣ್ಮಕ್ಳು ಕೆಲವು ದಿನ ಇದ್ರೊಳಗೆ ಬರೋ ಹಾಗಿಲ್ಲ ಅಲ್ವಾ ಅಂತ. ಹೌದಪ್ಪಾ ಅಂದೆ. ಹಾಗಾದ್ರೆ ಹೊರಗಿಂದ ನೀರು ಹಾಕೋ ಹಾಗೆ ಮಾಡ್ತೀನಿ ಅಂದ್ರು. ಮಧ್ಯಾಹ್ನದವರೆಗೂ ಗೋಡೆ ಕೊರೀತಾ ಕೂತಿದ್ರು. ಯಾರಮ್ಮ ಅವ್ರು, ನಿಮ್ಮೋರಾ?” ಹೌದು ಅಜ್ಜಿ, ನಮ್ಮೋರು, ಎಂದೆ.

ನಿಮಗೆ ಎಲ್ಲ ಗೊತ್ತಿತ್ತು. ಹೊಸ ಸಪ್ಲೈ ಬರುವ ಮುಂಚಿನ ಆ ಭಾನುವಾರವೇ ಹೋಗಿ ನನ್ನ ತಪ್ಪನ್ನು ನೀವು ಸರಿಮಾಡಿದ್ದಿರಿ. ಡಬ್ಬಿ ಸುಡುವುದು ನಿಂತದ್ದು ನಿಮ್ಮ ಏಳು ಸುತ್ತಿನಿಂದ, ಹೆಸರು ಬಂದದ್ದು ಹೊರಗಿನ ಸಪ್ಲೈಗೆ. ಒಂದು ಮಾತು ಆಡಿದ್ದರೆ ನಿಮ್ಮ ಬೆಂಚು ನಿಮಗೆ ವಾಪಸ್ಸು ಸಿಗುತ್ತಿತ್ತು. ಆ ಮಾತು ಆಡಿದ್ದರೆ ನಾನು ಬೀದಿಗೆ ಬೀಳುತ್ತಿದ್ದೆ, ನನ್ನ ಹಿಂದೆ ಬರಬೇಕಾಗಿದ್ದ ಹುಡುಗಿಯರಿಗೆ ಬಾಗಿಲು ಮುಚ್ಚುತ್ತಿತ್ತು. ಅಷ್ಟು ವರ್ಷ ಸ್ಕ್ರೂ ತೂಗುತ್ತ ಕೂತಿರಲ್ಲ ಚಾಚಾ, ನನ್ನ ಮೇಲೆ ಸಿಟ್ಟೇ ಬರಲಿಲ್ಲವಾ? ಒಂದು ಸಲ ಬೈದಿದ್ದರೆ ನಾನು ಇಷ್ಟು... ಇರಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹೋದದ್ದು ನನ್ನ ಮಾನವಾಗಿದ್ದರೆ ಹೇಗೋ ಸಹಿಸಬಹುದಿತ್ತು, ಹೋದದ್ದು ನಿಮ್ಮದು.

ಮರುದಿನ ಬೆಳಿಗ್ಗೆ ವೀರೇಶ್ ಸರ್ ಎದುರು ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹೊರಗಾಗಿದ್ದೆ ಎಂಬ ಮಾತನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ: “ಇಷ್ಟು ವರ್ಷ ಯಾಕ ಹೇಳಲಿಲ್ಲ?” “ಹೇಳಿದ್ರೆ ಹುಡುಗೀರನ್ನ ಸೈಟಿಗೆ ಕಳಿಸೋದು ನಿಲ್ಲಿಸ್ತಿದ್ರಿ ಸಾರ್.” “ಹೌದು, ನಿಲ್ಲಸ್ತಿದ್ದೆ” ಎಂದರು, ಸುಳ್ಳು ಹೇಳಲಿಲ್ಲ. ಎದ್ದು ಸ್ಟೋರಿಗೆ ಹೋದರು. ನೀವು ಬಿಸ್ಕತ್ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೇ ಸಪ್ಲೈಗಳನ್ನು ತಂದು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತ, “ಭಾಯ್ ಅವತ್ತು ಒಂದು ಮಾತಾದ್ರೂ ಹೇಳಬೇಕಿತ್ತು. ನಾನರ ಒಮ್ಮೆ ಹೋಗಿ ಆ ಗುಂಡಿ ನೋಡಬೇಕಿತ್ತು” ಎಂದು ಕಣ್ಣೊರೆಸಿಕೊಂಡರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ.

ಈಗ ಸುದ್ದಿ ಕೇಳಿ. ನಿಮ್ಮ ಸಪ್ಲೈ ವಾಪಸ್ಸು ಬಂದಿದೆ. ತಂತಿ ಸುತ್ತುವುದಕ್ಕೆ ಈಗ ಮೆಷಿನ್ ಇದೆ, ಯಾರು ಮಾತಾಡಿಸಿದರೂ ಅದಕ್ಕೆ ಲೆಕ್ಕ ತಪ್ಪುವುದಿಲ್ಲ. ಸಕ್ಕರೆ ಕಾರ್ಖಾನೆ, ಕಲ್ಲುಕ್ವಾರಿ, ಬಯಲಿನ ನಡುವೆ ಇರುವ ವಿದ್ಯುತ್ ಉಪಕೇಂದ್ರ, ಎಲ್ಲೆಲ್ಲಿ ಹಗುರದ ಸ್ವಿಚ್ಚುಗಳು ಒಂದು ಮಳೆಗಾಲ ತಾಳುವುದಿಲ್ಲವೋ ಅಲ್ಲೆಲ್ಲ ನಮ್ಮ ಭಾರದ ಡಬ್ಬಿಯನ್ನೇ ಹುಡುಕಿಕೊಂಡು ಬರುತ್ತಾರೆ. ಬಾಗಿಲು ಮುಚ್ಚುವ ಮಾತು ಈಗ ಯಾರೂ ಆಡುವುದಿಲ್ಲ. ಗಾರ್ಮೆಂಟ್ಸಿಗೆ ಹೋಗಿದ್ದವರಲ್ಲಿ ನಾಲ್ಕು ಜನ ಬೆಂಚಿಗೆ ಮರಳಿದ್ದಾರೆ. ಪ್ರತಿ ಸಪ್ಲೈ ಬೋರ್ಡಿನ ಮೂಲೆಯಲ್ಲಿ ನಿಮ್ಮ ಹೆಸರು ಅಚ್ಚಾಗುತ್ತದೆ. ಉರ್ದುವಿನಲ್ಲಿ. ಶಿವಾಜಿನಗರದ ಮದುವೆ ಕಾರ್ಡ್ ಅಂಗಡಿಯವರ ಹತ್ತಿರ ಬರೆಸಿಕೊಂಡು ಬಂದೆ. ನಮಗ್ಯಾರಿಗೂ ಓದಲು ಬರುವುದಿಲ್ಲ, ಆದರೆ ನೀವು ಓದುತ್ತೀರಲ್ಲ.

ಇನ್ನೊಂದು ಸುದ್ದಿ ಇದೆ, ಚಿಕ್ಕದು. ಸೈಟ್ ರಿಪೋರ್ಟಿನಲ್ಲಿ ಮೂರನೇ ಚೌಕ ಬಂದಿದೆ. ‘ಗುಂಡಿ ನೋಡಿಲ್ಲ’ ಎಂದು. ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ಕಾರಣ ಕೇಳುವಂತಿಲ್ಲ. ಬೇರೊಬ್ಬರು ಹೋಗಿ ನೋಡತಕ್ಕದ್ದು.’ ಇದಕ್ಕೆ ವೀರೇಶ್ ಸರ್ ಜೊತೆ ಒಂದು ವಾರ ಜಗಳ ಆಡಿದೆ. “ಕಾರಣ ಬರೀಬ್ಯಾಡ ಅಂದ್ರ ಎಲ್ಲಾರೂ ಸೋಮಾರಿ ಆಗ್ತಾರವಾ” ಎಂದರು. “ಆಗ್ಲಿ ಸಾರ್. ಸೋಮಾರಿ ಆದ್ರೆ ಇನ್ನೊಬ್ರು ಹೋಗಿ ನೋಡ್ತಾರೆ. ಸುಳ್ಳು ಹೇಳಿದ್ರೆ ಯಾರೂ ಹೋಗಲ್ಲ” ಎಂದೆ. ಅಷ್ಟಕ್ಕೆ ಅವರು ಸಹಿ ಹಾಕಿದರು. ಫಾರಂ ಅಚ್ಚಾಗಿ ಬಂದು ಎಷ್ಟೋ ತಿಂಗಳು ಆ ಚೌಕಕ್ಕೆ ಯಾರೂ ಟಿಕ್ ಹಾಕಲಿಲ್ಲ. ಬರೀ ನನ್ನ ಹುಚ್ಚೇ ಇರಬೇಕು ಎಂದುಕೊಂಡಿದ್ದೆ.

ಮೊನ್ನೆ ಮಂಗಳವಾರ ಕಗ್ಗದಾಸಪುರದ ಸೈಟಿನಿಂದ ಹೊಸದಾಗಿ ಸೇರಿದ ಹುಡುಗಿ ವಾಪಸ್ಸು ಬಂದಳು. ರಿಪೋರ್ಟನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟು, ನಾನು ಏನೋ ಕೇಳುತ್ತೇನೆಂದು ನೆಲ ನೋಡುತ್ತ ನಿಂತಳು. ಬಿಚ್ಚಿ ನೋಡಿದೆ. ಮೂರನೇ ಚೌಕಕ್ಕೆ ಟಿಕ್ ಹಾಕಿದ್ದಳು, ಪೆನ್ನು ಸ್ವಲ್ಪ ನಡುಗಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

“ಬಕೆಟ್ ಎಲ್ಲಿಟ್ಟಿದೀಯಾ?” ಎಂದು ಕೇಳಿದೆ. ಬೇರೇನೂ ಕೇಳಲಿಲ್ಲ ಚಾಚಾ.